ಇಂಗ್ಲಿಷಿನ ಸಂಯೋಜಕಗಳೂ ಪದಲೋಪವೂ

ಕನ್ನಡ ವ್ಯಾಕರಣದಲ್ಲಿ ‘ಲೋಪ’ವೆಂದೊಡನೆ ನೆನಪಾಗುವುದು ಲೋಪಸಂಧಿ, ಅಲ್ಲಿ ಬಿಟ್ಟುಹೋಗುವುದು ಸ್ವರ. ಇಲ್ಲಿ ವಿಚಾರಿಸುತ್ತಿರುವುದು ಪದಗಳ ಲೋಪವನ್ನು, ಎಂದರೆ ಓದುಗನು ಅಧ್ಯಾಹಾರದಿಂದ ತುಂಬಿಕೊಳ್ಳಬೇಕಾದ ಪದಗಳನ್ನು.

ಇಂಗ್ಲಿಷಿನಲ್ಲಿ ‘ಆಂಡ್’, ‘ಆರ್’, ‘ಬಟ್’ಗಳ ಅನಂತರ ಕರ್ತೃಪದವನ್ನು ಬಿಡುವುದು ತೀರ ಸಾಮಾನ್ಯ. ಕ್ರಿಯಾಪದವನ್ನೇ ಬಿಡುವುದೂ ಉಂಟು: ‘ರಾಮ ಏಟ್ ರೈಸ್ ಆಂಡ್ ಸೀತಾ ಬ್ರೆಡ್’. ‘ಆಂಡ್’ ಇರುವೆಡೆ ‘ಬಿಕಾಸ್’ ಇಟ್ಟರೆ ಈ ವಾಕ್ಯ ನಿಲ್ಲದು. ಜಾನ್ ರಾಬರ್ಟ್ ರಾಸ್ ಅವರು 1970ರ ಲೇಖನದಲ್ಲಿ ಈ ಲೋಪದ ದಿಕ್ಕನ್ನು ಪದಕ್ರಮಕ್ಕೆ ಜೋಡಿಸಿದರು: ಕ್ರಿಯಾಪದ ನಡುವೆ ಬರುವ ಇಂಗ್ಲಿಷಿನಲ್ಲಿ ಎರಡನೆಯದು ಲೋಪವಾದರೆ, ಕೊನೆಯಲ್ಲಿ ಬರುವ ಜಪಾನೀ ಭಾಷೆಯಲ್ಲಿ ಮೊದಲನೆಯದು. ಕನ್ನಡದ ‘ರಾಮನು ಅನ್ನವನ್ನೂ ಸೀತೆಯು ರೊಟ್ಟಿಯನ್ನೂ ತಿಂದರು’ ಎಂಬುದು ಮೇಲುನೋಟಕ್ಕೆ ಜಪಾನಿಯ ಪಂಕ್ತಿಯದು. ಆದರೆ ಬಹುವಚನದ ಕ್ರಿಯಾಪದ ಇಬ್ಬರಿಗೂ ಸಲ್ಲುವುದರಿಂದ ಇದನ್ನು ಲೋಪವೆನ್ನಬೇಕೆ, ಹಂಚಿಕೆಯೆನ್ನಬೇಕೆ ಎಂಬುದು ಚರ್ಚಾಸ್ಪದ.

ನಮಗೆ ಹೆಚ್ಚು ಮುಖ್ಯವಾದುದು ಅಧೀನ ಸಂಯೋಜಕಗಳ ಸಂಗತಿ. ‘ವೆನ್’, ‘ವೈಲ್’, ‘ಇಫ್’, ‘ದೋ’ಗಳ ಅನಂತರ ಕರ್ತೃವನ್ನೂ ‘ಬಿ’ ಧಾತುವಿನ ರೂಪವನ್ನೂ ಒಟ್ಟಿಗೆ ಬಿಡಬಹುದು: ‘ದೋ ಟೈರ್ಡ್, ಶೀ ವೆಂಟ್ ಆನ್’. ‘ಬಿಕಾಸ್ ಟೈರ್ಡ್’ ಎಂಬುದನ್ನು ಶಿಷ್ಟ ಬರವಣಿಗೆ ಒಪ್ಪುವುದಿಲ್ಲ. ‘ಇಫ್ ನೆಸೆಸರಿ’ಯಂತಹ ರೂಢಿಯ ಮಾತುಗಳನ್ನು ಬಿಟ್ಟರೆ, ಲುಪ್ತವಾದ ಕರ್ತೃ ಪ್ರಧಾನ ವಾಕ್ಯದ ಕರ್ತೃವೇ ಆಗಿರಬೇಕೆಂಬುದು ನಿಯಮ. ಆದ್ದರಿಂದ ‘ವೈಲ್ ರೀಡಿಂಗ್ ದ ಬುಕ್, ದ ಲ್ಯಾಂಪ್ ವೆಂಟ್ ಔಟ್’ ಎಂದರೆ ಪುಸ್ತಕ ಓದಿದ್ದು ದೀಪವೆಂದಾಗುತ್ತದೆ.

ಕನ್ನಡಿಗರ ಇಂಗ್ಲಿಷ್ ಪ್ರಬಂಧಗಳಲ್ಲಿ ಇಂಥ ವಾಕ್ಯ ನುಸುಳಿದರೆ ಅದನ್ನು ಬರಿಯ ಅಜಾಗರೂಕತೆ ಎಂದು ತಳ್ಳಿಹಾಕಲಾಗದು. ‘ಪುಸ್ತಕ ಓದುತ್ತಿರುವಾಗ ದೀಪ ಆರಿತು’ ಎಂಬುದು ನಿರ್ದುಷ್ಟ ಕನ್ನಡ. ‘ಆಗ’ ಪ್ರತ್ಯಯದ ಉಪವಾಕ್ಯ ಬೇರೆ ಕರ್ತೃವನ್ನು ಸಹಿಸುತ್ತದೆ. ‘ಪುಸ್ತಕ ಓದುತ್ತ ದೀಪ ಆರಿತು’ ಎಂದರೆ ಮಾತ್ರ ನಮ್ಮ ಕಿವಿಗೂ ಒಗ್ಗದು, ಏಕೆಂದರೆ ‘ಉತ್ತ’ ರೂಪ ಸಮಾನಕರ್ತೃವನ್ನು ಬೇಡುತ್ತದೆ. ಇಂಗ್ಲಿಷಿನ ಲುಪ್ತ ‘ವೈಲ್’ಗೆ ಈ ವಿಷಯದಲ್ಲಿ ಹತ್ತಿರದ್ದು ‘ಆಗ’ ಅಲ್ಲ, ‘ಉತ್ತ’.

ಅನುವಾದಕರು ಇದನ್ನು ಗಮನಿಸಬೇಕು. ‘ವೈಲ್ ವಾಕಿಂಗ್ ಹೋಮ್, ಶೀ ಸಾ ಹಿಮ್’ ಎಂಬಲ್ಲಿ ನಡೆಯುತ್ತಿದ್ದವಳು ಅವಳೇ. ‘ಮನೆಗೆ ನಡೆದು ಹೋಗುತ್ತಿರುವಾಗ ಅವಳು ಅವನನ್ನು ಕಂಡಳು’ ಎಂದರೆ ನಡೆಯುತ್ತಿದ್ದವನು ಅವನೂ ಆಗಬಹುದು. ‘ನಡೆದು ಹೋಗುತ್ತ’ ಎಂದರೆ ಆ ಸಂದೇಹವಿಲ್ಲ.