ಮನೆಯನ್ನೆಳೆಯುವ ಗೇರು

ಖಂಡಾಳದ ಘಾಟಿಯನ್ನಾಗಲಿ ಶಿರಾಡಿ ಘಟ್ಟವನ್ನಾಗಲಿ ಏರುವಾಗ ಬಸ್ಸಿನ ಚಾಲಕನು ಗೇರನ್ನು ಇಳಿಸುವುದನ್ನು ನಮ್ಮ ವಾಚಕರು ಕಂಡೇ ಇರುವರು. ಎಂಜಿನ್ನು ಗರ್ಜಿಸುತ್ತದೆ, ಬಸ್ಸಿನ ವೇಗ ಕುಗ್ಗುತ್ತದೆ, ಆದರೂ ಅದು ನಿಲ್ಲದೆ ಮೇಲೇರುತ್ತದೆ. ಈ ನಿತ್ಯದ ನೋಟದೊಳಗಿನ ತತ್ತ್ವವನ್ನು ಅಮೆರಿಕೆಯ ಒಂದು ಹಳೆಯ ವಾಹನದ ನಿದರ್ಶನದಿಂದ ವಿವರಿಸಲು ಬಯಸುತ್ತೇವೆ.

ಆ ದೇಶದಲ್ಲಿ ಅಡಿಗೆಯ ಒಲೆ, ಮಂಚ, ಸ್ನಾನಗೃಹಗಳನ್ನು ಹೊತ್ತು ರಸ್ತೆಯ ಮೇಲೆ ಓಡುವ ಮನೆಗಳುಂಟು. ಜನರಲ್ ಮೋಟಾರ್ಸ್ ಸಂಸ್ಥೆಯು ೧೯೭೩ರಿಂದ ೧೯೭೮ರವರೆಗೆ ಜಿ.ಎಂ.ಸಿ. ಎಂಬ ಹೆಸರಿನಿಂದ ಇಂಥವನ್ನು ನಿರ್ಮಿಸಿತು. ಉದ್ದ ೨೩ ಅಥವಾ ೨೬ ಅಡಿ; ಸಾಮಾನು ತುಂಬಿದಾಗ ಭಾರ ಸುಮಾರು ೫ ಟನ್ನು. ಆರು ಚಕ್ರಗಳಿದ್ದರೂ ಎಳೆಯುವುವು ಮುಂದಿನ ಎರಡೇ. ಎಂಜಿನ್ನೂ ಗೇರುಪೆಟ್ಟಿಗೆಯೂ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಎಂಬ ಕಾರಿನ ವರ್ಗದವು. ಎಂದರೆ, ಕಾರಿನ ಹೆಗಲ ಮೇಲೆ ಮನೆಯ ಹೊರೆ! ಇವನ್ನು ಇಂದಿಗೂ ಜೋಪಾನವಾಗಿ ಓಡಿಸುವವರಿದ್ದಾರೆ. ಯಾವ ಪ್ರಮಾಣದ ಗೇರನ್ನು ಕೂಡಿಸಬೇಕೆಂಬುದೇ ಅವರ ಮುಂದಿರುವ ಪ್ರಶ್ನೆ.

ಗೇರುಪೆಟ್ಟಿಗೆಯಲ್ಲಿ ಮೂರು ಪ್ರಮಾಣಗಳಿವೆ: ೨.೪೮, ೧.೪೮ ಮತ್ತು ೧. ಅದರಾಚೆಗೆ, ಚಕ್ರಗಳಿಗೆ ಬಲವನ್ನು ಮುಟ್ಟಿಸುವ ಕೊನೆಯ ಹಲ್ಲುಚಕ್ರಗಳ ಜೋಡಿಯುಂಟು. ಕಾರ್ಖಾನೆಯವರು ಇಟ್ಟ ಪ್ರಮಾಣ ೩.೦೭. ಮೂರನೆಯ ಗೇರಿನಲ್ಲಿ ಎಂಜಿನ್ನು ೩.೦೭ ಸುತ್ತು ತಿರುಗಿದರೆ ರಸ್ತೆಯ ಮೇಲಿನ ಚಕ್ರವು ಒಂದು ಸುತ್ತು ತಿರುಗುತ್ತದೆ. ಇದನ್ನು ಬದಲಿಸಿ ೩.೭೦ರ ಜೋಡಿಯನ್ನು ಹಾಕಿದರೆ ಚಕ್ರದ ಎಳೆತವು ನೂರಕ್ಕೆ ೨೦ರಷ್ಟು ಹೆಚ್ಚುತ್ತದೆ. ಎಂಜಿನ್ನಿನ ಶಕ್ತಿಯೇನೂ ಬೆಳೆಯಲಿಲ್ಲ. ಇದ್ದ ಶಕ್ತಿಯು ಹೊರೆಗೆ ಹೊಂದಿಕೊಂಡಿತು, ಅಷ್ಟೆ.

ಈ ಲಾಭವು ಪುಕ್ಕಟೆಯಲ್ಲ. ಗಂಟೆಗೆ ೬೦ ಮೈಲಿಯ ವೇಗದಲ್ಲಿ ೩೦ ಅಂಗುಲ ವ್ಯಾಸದ ಚಕ್ರವಿದ್ದರೆ, ೩.೦೭ರಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು ೨,೦೬೦ ಸುತ್ತು ತಿರುಗುವುದು, ೩.೭೦ರಲ್ಲಿ ಸುಮಾರು ೨,೪೯೦. ಸಪಾಟು ರಸ್ತೆಯಲ್ಲಿ ಸದ್ದೂ ಪೆಟ್ರೋಲಿನ ಖರ್ಚೂ ಅಧಿಕವಾಗುವುವು. ಬಯಲುಸೀಮೆಯಲ್ಲಿಯೇ ಸಂಚರಿಸುವವನಿಗೆ ಹಳೆಯ ಪ್ರಮಾಣವೇ ಸಾಕು.

ಆದರೆ ಕೊಲರಾಡೊ ಪ್ರಾಂತದ ಪರ್ವತಗಳಲ್ಲಿ ಹೋಗುವವನ ಪಾಡೇ ಬೇರೆ. ಅಲ್ಲಿ ೧೯೭೩ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗವು ೧೧,೦೦೦ ಅಡಿಗೂ ಮಿಕ್ಕಿದ ಎತ್ತರದಲ್ಲಿದೆ. ಗಾಳಿಯು ತೆಳುವಾದ್ದರಿಂದ ಕಾರ್ಬ್ಯುರೇಟರಿನ ಎಂಜಿನ್ನು ತನ್ನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಆಗ ಗೇರುಪೆಟ್ಟಿಗೆಯು ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ತಡಕಾಡತೊಡಗುವುದು. ಅದರ ಎಣ್ಣೆ ಕಾಯುವುದು. ೧೯೭೭ರಲ್ಲಿ ೭.೫ ಲೀಟರಿನ ಎಂಜಿನ್ನಿನ ಬದಲಿಗೆ ೬.೬ ಲೀಟರಿನದು ಬಂದಿತು. ಅಂಥ ವಾಹನದವನಿಗೆ ದೊಡ್ಡ ಪ್ರಮಾಣದ ಗೇರು ಇನ್ನಷ್ಟು ಅವಶ್ಯಕ.

ಏರುವುದಕ್ಕಿಂತಲೂ ಇಳಿಯುವುದು ಅಪಾಯಕರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ತಪ್ಪುವುದು. ಒಳಗೆ ಹೆಂಡಿರು ಮಕ್ಕಳಿರುವರು. ಕೆಳಗಿನ ಗೇರಿನಲ್ಲಿದ್ದಾಗ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುತ್ತದೆ. ಕೊನೆಯ ಜೋಡಿಯ ಪ್ರಮಾಣ ದೊಡ್ಡದಾದಷ್ಟೂ ಈ ತಡೆಯು ಬಲವಾಗುವುದು.

ಆದುದರಿಂದ ಆಯ್ಕೆಗೆ ಮುನ್ನ ವಾಹನವನ್ನು ಬರಿದಾಗಿ ಅಲ್ಲ, ನೀರು, ಸಾಮಾನು, ಜನರೊಡನೆ ತೂಗಬೇಕು. ತಾನು ಹೋಗುವ ದಾರಿಯನ್ನು ವಿಚಾರಿಸಬೇಕು. ವೇಗದ ಮಾತು ಕೊನೆಗಿರಲಿ. ನಮ್ಮ ಘಟ್ಟಗಳ ಚಾಲಕನು ಗೇರು ಇಳಿಸಿದಾಗ, ಬಸ್ಸು ಆಮೆಯಂತಾಯಿತೆಂದು ನಾವು ಗೊಣಗುವುದುಂಟು. ಇನ್ನು ಮೇಲೆ ಗೊಣಗದಿರೋಣ. ನಮ್ಮನ್ನು ಊರು ಮುಟ್ಟಿಸುವುದು ಆ ನಿಧಾನವೇ.