ಮನೆಯ ನೆನಪುಗಳಿಗೊಂದು ಉಗ್ರಾಣ

ಹಿಂದೆ ಮದುವೆಯ ಆಲ್ಬಂ ಬೀರುವಿನಲ್ಲಿ ಭದ್ರವಾಗಿರುತ್ತಿತ್ತು. ಈಗಲೋ, ಮಗುವಿನ ನಾಮಕರಣ, ಅಜ್ಜಿ ಹೇಳಿದ ಹಸೆಹಾಡು, ಮಗಳ ಮಾರ್ಕ್ಸ್ ಕಾರ್ಡು, ಎಲ್ಲವೂ ಮೊಬೈಲಿನ ಹೊಟ್ಟೆಯೊಳಗೇ! ಆ ಮೊಬೈಲು ನೀರಿನ ಬಕೆಟ್ಟಿಗೆ ಬಿದ್ದರೆ? ಬಸ್ಸಿನಲ್ಲಿ ಕಳುವಾದರೆ? ಹೊಸ ಫೋನು ಕೊಳ್ಳಬಹುದು. ತೀರಿಹೋದ ಅಜ್ಜಿಯ ದನಿಯನ್ನು ಯಾವ ಅಂಗಡಿಯಿಂದ ತರೋಣ ಹೇಳಿ?

“ಗೂಗಲ್‌ನಲ್ಲಿ ಇದೆಯಲ್ಲ” ಎನ್ನುವಿರಾ? ಅಲ್ಲಿ ಪುಕ್ಕಟೆ ಜಾಗ 15 ಜಿ.ಬಿ. ಮಾತ್ರ. ಫೋಟೋಗಳಿಗೆ ಮೊದಲಿದ್ದ ಲೆಕ್ಕವಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತುಹೋಯಿತು. ಹೆಚ್ಚು ಬೇಕೆಂದರೆ ಬಾಡಿಗೆ ತೆರಬೇಕು.

ಬಾಡಿಗೆ ಬೇಡ, ಸ್ವಂತದ್ದೇ ಇರಲಿ ಎನ್ನುವವರಿಗಾಗಿ ಬಂದಿರುವುದು ‘ನ್ಯಾಸ್’ ಎಂಬ ಪುಟ್ಟ ಪೆಟ್ಟಿಗೆ. ತೈವಾನಿನ ಸಿನಾಲಜಿ, ಕ್ಯೂನ್ಯಾಪ್ ಮೊದಲಾದ ಕಂಪೆನಿಗಳು ಇದನ್ನು ತಯಾರಿಸುತ್ತವೆ. ಒಳಗೆ ಒಂದೆರಡು ಹಾರ್ಡ್ ಡಿಸ್ಕ್. ಇಂಟರ್ನೆಟ್ ರೂಟರಿಗೆ ವೈರು ಸಿಕ್ಕಿಸಿ, ಫೋನಿನಲ್ಲಿ ಅದರ ಆ್ಯಪ್ ಹಾಕಿಕೊಂಡರಾಯ್ತು. ಮನೆಮಂದಿಯ ಫೋಟೋಗಳೆಲ್ಲ ವೈಫೈ ಮೂಲಕ ತಾವಾಗಿಯೇ ಅಲ್ಲಿ ಹೋಗಿ ಸೇರುತ್ತವೆ. ಒಂದು ಫೋಟೋ 4 ಎಂ.ಬಿ. ಎಂದಿಟ್ಟುಕೊಂಡರೂ 1 ಟಿ.ಬಿ. ಡಿಸ್ಕಿನಲ್ಲಿ ಎರಡೂವರೆ ಲಕ್ಷ ಫೋಟೋ ಹಿಡಿಸುತ್ತವೆ!

ಕೊಳ್ಳುವುದಾದರೆ ಎರಡು ಡಿಸ್ಕಿನದನ್ನೇ ಕೊಳ್ಳಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವಂತೆ ಹೊಂದಿಸಬಹುದು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಆದರೆ 4 ಟಿ.ಬಿ.ಯ ಎರಡು ಹಾಕಿದರೂ ಸಿಗುವ ಜಾಗ 4 ಟಿ.ಬಿ.ಯೇ.

ಇಷ್ಟಾಯಿತೆಂದು ನಿಶ್ಚಿಂತೆಯಾಗಿ ಮಲಗಬೇಡಿ. ಕೈತಪ್ಪಿ ಒಂದು ಫೋಟೋ ಅಳಿಸಿದರೆ ಎರಡೂ ಡಿಸ್ಕಿನಿಂದ ಅಳಿಯುತ್ತದೆ. ಸಿಡಿಲು, ಕಳ್ಳತನ ಬಂದರೆ ಪೆಟ್ಟಿಗೆಯೇ ಹೋಯಿತು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪೆನಿಯ ‘ಮೈ ಬುಕ್ ಲೈವ್’ ಪೆಟ್ಟಿಗೆ ಇಟ್ಟುಕೊಂಡಿದ್ದ ಅನೇಕರಿಗೆ ಇದ್ದಕ್ಕಿದ್ದಂತೆ ಎಲ್ಲ ಖಾಲಿ ಕಂಡಿತು! ಅದಕ್ಕೆ 2015ರಿಂದ ಅಪ್‌ಡೇಟ್ ಇರಲಿಲ್ಲ. ಇಂಟರ್ನೆಟ್ ಮೂಲಕ ನುಗ್ಗಿದ ಕಿಡಿಗೇಡಿಗಳು ವರ್ಷಗಳ ನೆನಪನ್ನೇ ಗುಡಿಸಿಹಾಕಿದ್ದರು.

ಆದ್ದರಿಂದ ಈ ಕಿವಿಮಾತುಗಳು:

* ಮುಖ್ಯವಾದವುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿರಲಿ. ತವರುಮನೆಯ ಬೀರುವಾದರೂ ಸರಿಯೇ.

* ಅಪ್‌ಡೇಟ್ ಬಂದಾಗ ತಪ್ಪದೆ ಹಾಕಿಸಿ. ಹೊರಗಿನಿಂದ ನೋಡುವ ಅಗತ್ಯವಿಲ್ಲದಿದ್ದರೆ ಆ ಸೌಲಭ್ಯವನ್ನು ಮುಚ್ಚಿಡಿ.

* ಕರೆಂಟು ಹಠಾತ್ತನೆ ಹೋಗುವ ಊರಾದರೆ ಯು.ಪಿ.ಎಸ್. ಬೇಕೇಬೇಕು. 20 ವ್ಯಾಟ್ ಎಳೆಯುವ ಪೆಟ್ಟಿಗೆ ಹಗಲೂ ರಾತ್ರಿ ನಡೆದರೆ ತಿಂಗಳಿಗೆ ಸುಮಾರು 14 ಯೂನಿಟ್.

* ಅಷ್ಟು ಹಣ ಕೈಯಲ್ಲಿಲ್ಲವೇ? ಸದ್ಯಕ್ಕೆ ಎರಡು ಸಾಮಾನ್ಯ ಯು.ಎಸ್.ಬಿ. ಡಿಸ್ಕ್ ತಂದು, ಎರಡಕ್ಕೂ ತುಂಬಿ, ಎರಡು ಕಡೆ ಇಡಿ.

ಕೊನೆಯದಾಗಿ, ಪಾಸ್‌ವರ್ಡ್ ಮಗನಿಗೋ ಯಜಮಾನರಿಗೋ ಮಾತ್ರ ಗೊತ್ತಿದ್ದರೆ ಸಾಲದು. ಅವರು ಊರಲ್ಲಿಲ್ಲದಾಗ, ಇಲ್ಲವೇ ಕಷ್ಟಕಾಲದಲ್ಲಿ, ನೀವು ಪೆಟ್ಟಿಗೆಯ ಮುಂದೆ ಪೆಚ್ಚಾಗಿ ಕೂರಬೇಕಾದೀತು. ಒಂದು ಚೀಟಿಯಲ್ಲಿ ಬರೆದು ಒಡವೆಯ ಜೊತೆಗಿಡಿ. ಉಗ್ರಾಣದ ಬೀಗದ ಕೈ ಮನೆಯೊಡತಿಯ ಸೆರಗಿನಲ್ಲೂ ಇರಬೇಕಲ್ಲವೇ?