ಗೋಡೆಯ ಬೆನ್ನಿಗೆ ಏನಿದೆ?

ಮಕ್ಕಳೇ, ಜಾತ್ರೆಗೆ ನಾಟಕ ಕಂಪನಿ ಬಂದಾಗ ಥಿಯೇಟರ್ ಎಬ್ಬಿಸುವುದನ್ನು ನೋಡಿದ್ದೀರಾ? ಬರಿ ಬಯಲಾಗಿದ್ದ ಜಾಗದಲ್ಲಿ ಕೆಲವೇ ದಿನಗಳಲ್ಲಿ ತಗಡಿನ ದೊಡ್ಡ ಮನೆ ಎದ್ದು ನಿಲ್ಲುತ್ತದೆ. ಕ್ಯಾಂಪು ಮುಗಿಯಿತೆಂದರೆ ತಗಡು, ಬೊಂಬು, ಪರದೆ ಎಲ್ಲವೂ ಲಾರಿ ಏರಿ ಮುಂದಿನ ಊರಿಗೆ ಹೊರಡುತ್ತವೆ. ಟಿ.ವಿ. ಧಾರಾವಾಹಿಯಲ್ಲಿ ನೀವು ಕಾಣುವ ಅರಮನೆಗಳೂ ಬಹಳ ಸಲ ಇಂಥವೇ. ಅವಕ್ಕೆ ‘ಸೆಟ್’ ಎನ್ನುತ್ತಾರೆ.

ಸೆಟ್ಟಿನ ಗೋಡೆ ಮುಂದಿನಿಂದ ಕಲ್ಲಿನಂತೆ ಕಾಣುತ್ತದೆ. ಹಿಂದೆ ಹೋಗಿ ನೋಡಿದರೆ ಕಟ್ಟಿಗೆಯ ಚೌಕಟ್ಟು, ಅದಕ್ಕೆ ಬಡಿದ ತೆಳು ಪ್ಲೈವುಡ್, ಅಷ್ಟೆ! ಕಂಬದ ಮೇಲಿನ ಕೆತ್ತನೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಎರಕ ಹೊಯ್ದದ್ದು. ನಾಲ್ಕೂ ಗೋಡೆ ಇರಲೇಬೇಕೆಂದೇನಿಲ್ಲ. ಕ್ಯಾಮೆರಾ ಇಡುವ ಕಡೆಯ ಗೋಡೆಯನ್ನು ಬಿಟ್ಟೇಬಿಡುತ್ತಾರೆ.

ಪಾಯವೇ ಇಲ್ಲದ ಈ ಗೋಡೆ ನಿಲ್ಲುವುದಾದರೂ ಹೇಗೆ? ನೀವೇ ಮಾಡಿ ನೋಡಿ. ಜೋಳದ ದಂಟಿನ ನಾಲ್ಕು ತುಂಡುಗಳನ್ನು ಜಾಲಿಮುಳ್ಳು ಚುಚ್ಚಿ ಚೌಕವಾಗಿ ಜೋಡಿಸಿ. ಒಂದು ಮೂಲೆಯನ್ನು ಒತ್ತಿ. ಚೌಕ ಓರೆಯಾಗಿ ವಾಲುತ್ತದೆ. ಈಗ ಮೂಲೆಯಿಂದ ಮೂಲೆಗೆ ಐದನೆಯ ತುಂಡನ್ನು ಚುಚ್ಚಿ ಮತ್ತೆ ಒತ್ತಿ. ಅಲುಗುವುದಿಲ್ಲ. ಏಕೆಂದರೆ ಈಗ ಅಲ್ಲಿರುವುದು ಎರಡು ತ್ರಿಭುಜಗಳು. ಬಾಹುಗಳ ಉದ್ದ ಬದಲಾಗದ ಹೊರತು ತ್ರಿಭುಜದ ಆಕಾರ ಬದಲಾಗದು. ಸೆಟ್ಟಿನ ಗೋಡೆಗೂ ಹಿಂದೆ ಒಂದು ಓರೆ ಆಸರೆ ಕೊಡುತ್ತಾರೆ. ಗೋಡೆ, ನೆಲ, ಆಸರೆ ಮೂರೂ ಸೇರಿ ತ್ರಿಭುಜ.

ಆದರೆ ಆಸರೆಯ ಬುಡ ಜಾರಬಾರದು. ವಿಜ್ಞಾನ ವಸ್ತುಪ್ರದರ್ಶನವೊಂದರಲ್ಲಿ ನಾನು ಬೋರ್ಡಿಗೆ ಆಸರೆ ಕೊಟ್ಟು, ಬುಡಕ್ಕೆ ಭಾರ ಇಡುವುದನ್ನು ಮರೆತಿದ್ದೆ. ಗಾಳಿ ಬೀಸಿತು, ಬೋರ್ಡು ಮಲಗಿತು. ಮಕ್ಕಳಿಗೆ ಭಾರೀ ನಗು!

ಗಾಳಿಯ ಲೆಕ್ಕ ನೋಡಿ. ಗಂಟೆಗೆ 36 ಕಿ.ಮೀ. ವೇಗದ ಗಾಳಿ 1 ಚದರ ಮೀಟರ್ ಗೋಡೆಯನ್ನು ಸುಮಾರು 6 ಕೆ.ಜಿ. ತೂಕದಷ್ಟು ಬಲದಿಂದ ನೂಕುತ್ತದೆ. ವೇಗ 72 ಕಿ.ಮೀ. ಆದರೆ ಆ ಬಲ 12 ಅಲ್ಲ, 24 ಕೆ.ಜಿ.! ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಬಡಿದ ಗೂಟ ಸಡಿಲಾಗುತ್ತದೆ, ಮಳೆಯಾದರೆ ಮೆತ್ತಗಾಗುತ್ತದೆ. ಅಲ್ಲಿ ಗೂಟವನ್ನಷ್ಟೇ ನಂಬದೆ ಉಸುಕಿನ ಚೀಲದ ಭಾರವನ್ನೂ ಇಡುವುದು ಜಾಣತನ.

ಗಾಳಿಗಿಂತ ಭಯಂಕರವಾದದ್ದು ಬೆಂಕಿ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಟಿ.ವಿ. ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಸೆಟ್ಟಿಗೆ ಬೆಂಕಿ ಬಿದ್ದು 62 ಜನ ತೀರಿಕೊಂಡರು. ನಟ, ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿದರು. ಅಲ್ಲಿ ವೈರುಗಳ ಜೋಡಣೆ ಸಡಿಲವಾಗಿತ್ತು. ಗೋಡೆಗಳಿಗೆ ಗೋಣಿಚೀಲ ಹಾಕಿದ್ದರು. ಗಾಳಿಕಿಂಡಿಗಳಿರಲಿಲ್ಲ. ಬೆಂಕಿ ಆರಿಸಲು ಇದ್ದದ್ದು ಉಸುಕು ಮತ್ತು ಕೆಲವೇ ಬಕೆಟ್ ನೀರು.

ಒಲೆ ಹೊತ್ತಿಸುವಾಗ ಅವ್ವ ಮೊದಲು ದಪ್ಪ ಕೊರಡು ಇಡುತ್ತಾಳೋ, ಸಣ್ಣ ಸಿಬಿರು ಇಡುತ್ತಾಳೋ? ತೆಳುವಾದ ವಸ್ತು ಬೇಗ ಕಾಯುತ್ತದೆ, ಅದಕ್ಕೆ ಗಾಳಿಯೂ ಹೆಚ್ಚು ತಾಗುತ್ತದೆ. ಸೆಟ್ಟಿನ ಗೋಡೆ ತೆಳುವಾಗಿರುವುದರಿಂದಲೇ ಹೊತ್ತೊಯ್ಯಲು ಹಗುರ. ತೆಳುವಾಗಿರುವುದರಿಂದಲೇ ಬೇಗ ಹೊತ್ತಿಕೊಳ್ಳುತ್ತದೆ. ಸಡಿಲ ವೈರಿನ ಒಂದು ಕಿಡಿ ಸಾಕು. ಮುಚ್ಚಿದ ಶೆಡ್ಡಿನಲ್ಲಾದರೆ ಹೊಗೆಗೆ ಹೊರಹೋಗಲು ದಾರಿ ಇಲ್ಲ, ಜನರಿಗೆ ಬಾಗಿಲು ಕಾಣುವುದಿಲ್ಲ.

ಮುಂದಿನ ಜಾತ್ರೆಯಲ್ಲಿ ಕಂಪನಿಯವರನ್ನು ಕೇಳಿ ಥಿಯೇಟರಿನ ಹಿಂಬದಿಗೆ ಹೋಗಿ. ಎಷ್ಟು ತ್ರಿಭುಜ ಸಿಕ್ಕವು? ಹೊರಗೆ ಹೋಗುವ ಬಾಗಿಲು ಎಷ್ಟಿವೆ, ಒಂದೊಂದರಲ್ಲಿ ಎಷ್ಟು ಜನ ಒಟ್ಟಿಗೆ ದಾಟಬಹುದು? ಎಣಿಸಿ ಬರೆದುಕೊಂಡು ಬಂದು ನಿಮ್ಮ ಗುರುಗಳಿಗೆ ತೋರಿಸಿ.